ಮೊದಲು ಒತ್ತಿದವರು

ಜನವರಿ 6, 2025, ಸೋಮವಾರ

ಈ ಡೈರಿಯನ್ನು ಔಷಧ ಕಂಪನಿಯ ಪ್ರತಿನಿಧಿಯೊಬ್ಬ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಅಜೀರ್ಣದ ಮಾತ್ರೆಯ ಜಾಹೀರಾತು ಇದೆ. ಆದರೂ ಈ ವರ್ಷ ಬರೆಯಲೇಬೇಕೆಂದು ನಿರ್ಧರಿಸಿದ್ದೇನೆ. ಇಂದು ನನ್ನ ಹೆಗಲಿಗೆ ಬಿದ್ದಿರುವ ಜವಾಬ್ದಾರಿಯನ್ನು ದಾಖಲಿಸದೆ ಬಿಟ್ಟರೆ ಮುಂದೆ ನನ್ನ ಹೆಂಡತಿ ಹೆಲನ್ ಕೂಡ ನಂಬುವುದಿಲ್ಲ.

ವಿಷಯ ಇಷ್ಟು. ನಮ್ಮ ಬೋಳಾರದ ಆಸ್ಪತ್ರೆಗೆ ಆಡಳಿತ ಮಂಡಳಿಯಿಂದ ಸುತ್ತೋಲೆ ಬಂದಿದೆ. ಇಂಟರ್ನೆಟ್ಟಿನ ಮೂಲಕ ಕಳ್ಳರು ನುಗ್ಗಿದರೆ ಗಾಬರಿಯಾಗಿ ಅತ್ತಿತ್ತ ಓಡಾಡದೆ, ಕೂಡಲೇ ಒಟ್ಟಾಗಿ ಕೆಲಸಕ್ಕೆ ಇಳಿಯುವ ಒಂದು ತಂಡ ಪ್ರತಿ ಸಂಸ್ಥೆಯಲ್ಲೂ ಇರಬೇಕಂತೆ. ನಿರ್ದೇಶಕಿ ಸಿಸ್ಟರ್ ಬರ್ನಡೆಟ್ ನನ್ನನ್ನು ಕರೆದು, "ರೇಮಂಡ್, ನೀವು ಆಡಳಿತಾಧಿಕಾರಿ. ಅದರ ಮೇಲೆ ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರು. ನೀವೇ ಲೀಡರ್ ಆಗಿ" ಎಂದರು. ಡಿಸೆಂಬರಿನಲ್ಲಿ ನನ್ನ ನಿವೃತ್ತಿ. ಮೂವತ್ತೇಳು ವರ್ಷದ ಸೇವೆಗೆ ಒಂದು ಕಿರೀಟ ಬೇಕಿತ್ತು, ತಾನಾಗಿಯೇ ಬಂತು.

ತಂಡಕ್ಕೆ 'ತುರ್ತು ಸ್ಪಂದನ ಪಡೆ' ಎಂದು ಹೆಸರಿಟ್ಟೆ. ಕಂಪ್ಯೂಟರ್ ವಿಭಾಗದ ಕಮಲೇಶ್ (ಆ ವಿಭಾಗದಲ್ಲಿ ಇರುವುದು ಅವನೊಬ್ಬನೇ) ಕೇಳಿದ: "ಸರ್, ಪಡೆ ಅಂದ್ರೆ ನಾವು ನಾಲ್ಕೇ ಜನ ಅಲ್ವಾ?" ಸಂಖ್ಯೆ ಮುಖ್ಯವಲ್ಲ, ಶಿಸ್ತು ಮುಖ್ಯ ಎಂದೆ. ಮೂರನೆಯವರು ನರ್ಸಿಂಗ್ ಮುಖ್ಯಸ್ಥೆ ಝುಬೈದಾ. ಆಕೆ ಇರುವುದು ಒಳ್ಳೆಯದೇ, ಡಾಕ್ಟರುಗಳೂ ಆಕೆಗೆ ಹೆದರುತ್ತಾರೆ. ನಾಲ್ಕನೆಯವಳು ನೋಂದಣಿ ಕೌಂಟರಿನ ಅಪ್ಪಿ. ಇದು ನನ್ನ ಆಯ್ಕೆಯಲ್ಲ, ಕೌಂಟರಿನಿಂದ ಒಬ್ಬರು ಇರಲಿ ಎಂದು ಸಿಸ್ಟರ್ ಹಾಕಿದ್ದು. ಹತ್ತೊಂಬತ್ತು ವರ್ಷಗಳಿಂದ ಅದೇ ಕುರ್ಚಿಯಲ್ಲಿ ಕೂತವಳು. ಏನು ಕೇಳಿದರೂ "ಎಂತ ಇಲ್ಲ ಸರ್" ಎಂಬ ಒಂದೇ ಉತ್ತರ. ಅವಳಿಂದ ಪಡೆಗೆ ಏನು ಪ್ರಯೋಜನವೋ ದೇವರೇ ಬಲ್ಲ.

ಜನವರಿ 9, ಗುರುವಾರ

ತರಬೇತಿ. ಸುರತ್ಕಲ್ಲಿನಿಂದ ತೃಷಾ ಎಂಬ ಹುಡುಗಿ ಬಂದಿದ್ದಳು. ಇಂಥ ದಾಳಿಗಳನ್ನು ಎದುರಿಸಿ ಪಳಗಿದವಳಂತೆ. ನೋಡಿದರೆ ಪಿಯುಸಿ ಮುಗಿಸಿದವಳ ಹಾಗಿದ್ದಾಳೆ. ನಮ್ಮ ನಾಲ್ವರನ್ನು ಕೂರಿಸಿ ಮೊದಲ ಪ್ರಶ್ನೆ ಎಸೆದಳು: "ದಾಳಿ ಆಯ್ತು ಅಂತ ಗೊತ್ತಾದ ಕೂಡಲೇ ನೀವು ಎಂತ ಕೇಳ್ತೀರಿ?"

"ಯಾರು ಮಾಡಿದ್ದು ಅಂತ!" ಎಂದು ನಾನು ಎಲ್ಲರಿಗಿಂತ ಮೊದಲು ಹೇಳಿದೆ.

ತೃಷಾ ನಕ್ಕು ಬೇರೆಯವರ ಕಡೆ ನೋಡಿದಳು. ಅಪ್ಪಿ ಸೆರಗಿನ ತುದಿ ತಿರುಗಿಸುತ್ತ, "ಎಲ್ಲಿ ಅಂತ ಕೇಳ್ಬೇಕಲ್ವಾ?" ಎಂದಳು. "ನಮ್ಮವರು ಮೀನಿಗೆ ಹೋದಾಗ ಒಂದು ಬೋಟಿಗೆ ನೀರು ನುಗ್ಗಿದ್ರೆ ವೈರ್‌ಲೆಸ್ಸಲ್ಲಿ ಎಲ್ಲಿ ಉಂಟು, ಯಾವಾಗಿಂದ ಉಂಟು ಅಂತ ಕೇಳುವುದು. ಯಾರು ತೂತು ಮಾಡಿದ್ದು ಅಂತ ಕೇಳ್ತಾ ಕೂತ್ರೆ ಬೋಟು ಉಳಿತದಾ?"

ತೃಷಾ ಚಪ್ಪಾಳೆಯನ್ನೇ ತಟ್ಟಿದಳು. ಕಂಪ್ಯೂಟರ್ ಭದ್ರತೆಗೂ ಬೂತಾಯಿ ಮೀನಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ 'ಯಾರು' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಹಾಗೆಯೇ ಇರಲಿ.

ಜನವರಿ 13, ಸೋಮವಾರ

ಇಂದಿನ ಅಣಕು ಕಾರ್ಯಾಚರಣೆಯ ಬಗ್ಗೆ ಸತ್ಯವನ್ನೇ ಬರೆಯುತ್ತೇನೆ.

ಹಂಪನಕಟ್ಟೆಯಿಂದ ನಾಲ್ಕು ಸೀಟಿ ತಂದಿದ್ದೆ. ಒಂದು ಸೀಟಿ ಊದಿದರೆ ಎಲ್ಲರೂ ಕೀಬೋರ್ಡಿನಿಂದ ಕೈ ತೆಗೆಯಬೇಕು, ಎರಡು ಊದಿದರೆ ಇಂಟರ್ನೆಟ್ಟಿನ ಕೇಬಲ್ ಕೀಳಬೇಕು ಎಂದು ಆದೇಶ. ಹನ್ನೊಂದು ಗಂಟೆಗೆ ಹೊರರೋಗಿ ವಿಭಾಗದ ನಡುವೆ ನಿಂತು ಒಂದು ಊದಿದೆ. ಸರತಿಯಲ್ಲಿದ್ದ ಎಪ್ಪತ್ತು ಜನ ತಟ್ಟನೆ ನಿಂತರು. ಎರಡು ಊದಿದೆ. ಎಪ್ಪತ್ತೂ ಜನ ಒಟ್ಟಿಗೆ ಮುಂದಕ್ಕೆ ನುಗ್ಗಿ ಕಣ್ಣಿನ ಡಾಕ್ಟರ ಕೋಣೆಯ ಬಾಗಿಲು ಮುರಿಯುವುದೊಂದು ಬಾಕಿ. ಒಂದು ಸೀಟಿಗೆ ನಿಲ್ಲುವುದು, ಎರಡಕ್ಕೆ ಹೊರಡುವುದು ಎಂದು ಸಿಟಿ ಬಸ್ಸಿನ ಕಂಡಕ್ಟರುಗಳು ಈ ಊರಿನ ಜನರನ್ನು ಪಳಗಿಸಿಟ್ಟಿದ್ದಾರೆ. ಕಣ್ಣಿಗೆ ಔಷಧ ಬಿಟ್ಟುಕೊಂಡು ಕೂತಿದ್ದ ಅಜ್ಜನೊಬ್ಬ ಎದ್ದು ನಿಂತು, "ಸ್ಟೇಟ್‌ಬ್ಯಾಂಕ್ ಸ್ಟಾಪು ಬಂತಾ ಮಾರಾಯ್ರೆ?" ಎಂದು ಕೇಳಿದ.

ಝುಬೈದಾ ನಾಲ್ಕೂ ಸೀಟಿಗಳನ್ನು ವಶಪಡಿಸಿಕೊಂಡು ಔಷಧದ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದಾರೆ.

ಜನವರಿ 15, ಬುಧವಾರ

ವಿಶೇಷ ಏನಿಲ್ಲ. ಬಹರೈನ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ವಿಲ್ಸನ್‌ನ ನಂಬರಿನಿಂದ ವಾಟ್ಸಾಪಿನಲ್ಲಿ ಒಂದು ಮದುವೆ ಕರೆಯೋಲೆ ಬಂತು. 'ಡಿಸೋಜ ಮದುವೆ, ಖಂಡಿತ ಬರಬೇಕು' ಎಂದಷ್ಟೇ ಇತ್ತು, ಜೊತೆಗೊಂದು ಕಡತ. ಹೆಲನ್‌ಗೆ ಫೋನ್ ಮಾಡಿದರೆ, "ಯಾವ ಡಿಸೋಜ?" ಎಂದಳು. ನಮಗೆ ಗೊತ್ತಿರುವ ಡಿಸೋಜ ಮನೆಗಳೇ ಹನ್ನೊಂದು. ಯಾರ ಮದುವೆ ಎಂದು ವಿಲ್ಸನ್‌ನನ್ನೇ ಕೇಳುವ ಹಾಗಿಲ್ಲ. ಹಿಂದೊಮ್ಮೆ ಹಾಗೆ ಕೇಳಿದ್ದಕ್ಕೆ ಕುಲಶೇಖರದ ಡಿಸೋಜರು ನಾಲ್ಕು ವರ್ಷ ನಮ್ಮೊಂದಿಗೆ ಮಾತು ಬಿಟ್ಟಿದ್ದರು. ತೆರೆದು ನೋಡುವುದೊಂದೇ ಮರ್ಯಾದೆಯ ದಾರಿ.

ಅದು ಫೋನಿನಲ್ಲಿ ತೆರೆಯಲಿಲ್ಲ. ನನ್ನ ಕೋಣೆಯ ಕಂಪ್ಯೂಟರಿಗೆ ಹಾಕಿದರೆ ಕೆಂಪು ಫಲಕ ತೋರಿಸಿ ಹಟ ಹಿಡಿಯಿತು. ಹೊಸ ಕಂಪ್ಯೂಟರುಗಳಿಗೆ ಮದುವೆ ಮುಂಜಿ ಎಂದರೆ ಗೌರವವಿಲ್ಲ. ಮಧ್ಯಾಹ್ನ ಅಪ್ಪಿ ಊಟಕ್ಕೆ ಹೋದಾಗ ಅವಳ ಹಳೆಯ ಕಂಪ್ಯೂಟರಿನಲ್ಲಿ ಪ್ರಯತ್ನಿಸಿದೆ. ಪಾಪ, ಒಳ್ಳೆಯ ಯಂತ್ರ. 'ಖಚಿತವೇ?' ಎಂದು ಮೂರು ಸಲ ಕೇಳಿತು, ಮೂರು ಸಲವೂ ಹೌದು ಎಂದೆ. ಕೊನೆಗೆ ನೋಡಿದರೆ ಒಳಗೆ ಏನೂ ಇಲ್ಲ, ಬಿಳಿ ಪರದೆ. ಈ ಡಿಸೋಜರು ಯಾವತ್ತೂ ಹೀಗೆಯೇ. ಲಕೋಟೆ ದೊಡ್ಡದು, ಒಳಗೆ ಎಂತ ಇಲ್ಲ.

ಸಂಜೆ 'ಗುರುತಿಲ್ಲದ ಕಡತಗಳನ್ನು ತೆರೆಯಬೇಡಿ' ಎಂದು ಹನ್ನೆರಡು ಹಾಳೆಗಳಲ್ಲಿ ದಪ್ಪಕ್ಷರದಲ್ಲಿ ಬರೆದು ಎಲ್ಲ ವಿಭಾಗಗಳಲ್ಲೂ ಅಂಟಿಸಿದೆ. ನನ್ನ ಅಕ್ಷರ ಈಗಲೂ ಮುತ್ತಿನಂತಿದೆ ಎಂದು ಸಿಸ್ಟರ್ ಹೊಗಳಿದರು.

ಜನವರಿ 16, ಗುರುವಾರ

ದಾಳಿಯಾಯಿತು. ನಿಜವಾದ ದಾಳಿ!

ಬೆಳಿಗ್ಗೆ ಎಂಟು ಐವತ್ತಕ್ಕೆ ಅಪ್ಪಿ ಓಡಿ ಬಂದಳು. ಈ ಸಲ "ಎಂತ ಇಲ್ಲ" ಎನ್ನಲಿಲ್ಲ. "ಸರ್, ಎಂತದೋ ಉಂಟು" ಎಂದಳು. ಹೋಗಿ ನೋಡಿದರೆ ಅವಳ ಪರದೆ ಕಪ್ಪು, ಅದರ ಮೇಲೆ ಕೆಂಪು ಅಕ್ಷರ. ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಾದರೆ ಇಷ್ಟು ಕೊಡಿ ಎಂಬ ಒಕ್ಕಣೆ. ಎಷ್ಟು ಎಂದು ನಾನು ಸೊನ್ನೆಗಳನ್ನು ಎಣಿಸುತ್ತಿರುವಾಗಲೇ ಕಮಲೇಶ್ ಫೋನಿನಲ್ಲಿ ತೃಷಾಳನ್ನು ಹಿಡಿದಿದ್ದ. "ಕೇಬಲ್ ತೆಗೀರಿ, ಆಫ್ ಮಾಡ್ಬೇಡಿ, ಆ ಚೀಟಿಗೆ ಉತ್ತರ ಕೊಡ್ಬೇಡಿ" ಎಂದು ಅವಳು ಅಲ್ಲಿಂದಲೇ ಕೂಗಿದಳು.

ನಂತರದ್ದನ್ನು ನೋಡಿ ನನಗೇ ಆಶ್ಚರ್ಯವಾಯಿತು. ಕಮಲೇಶ್ ಒಂದೊಂದೇ ಮಹಡಿಗೆ ಓಡಿ ಕೇಬಲ್ ಕಿತ್ತ. ಝುಬೈದಾ ಹತ್ತೇ ನಿಮಿಷದಲ್ಲಿ ಎಲ್ಲ ವಾರ್ಡುಗಳಿಗೂ ಕಾಗದದ ಚೀಟಿ, ಪೆನ್ನು ಮುಟ್ಟಿಸಿದರು. ಡಯಾಲಿಸಿಸ್ ಒಂದು ನಿಮಿಷವೂ ನಿಲ್ಲಲಿಲ್ಲ. ಅಪ್ಪಿ ಬಾಗಿಲಲ್ಲೇ ಸ್ಟೂಲು ಹಾಕಿ ಕೂತು, ಬಂದವರ ಮುಖ ನೋಡಿಯೇ ಹೆಸರು, ಊರು, ಕಾಯಿಲೆ, ಡಾಕ್ಟರು ಎಲ್ಲವನ್ನೂ ಬರೆದುಕೊಟ್ಟಳು. ಬೀಗ ಬಿದ್ದ ಕಂಪ್ಯೂಟರಿನಲ್ಲಿ ಇದ್ದದ್ದರಲ್ಲಿ ಅರ್ಧ ಅವಳ ತಲೆಯಲ್ಲಿತ್ತು. ನಾನು ಮುಖ್ಯ ದ್ವಾರದಲ್ಲಿ ನಿಂತು ಒಟ್ಟು ಮೇಲ್ವಿಚಾರಣೆ ಮಾಡಿದೆ.

ಇಂಥದ್ದು ನಡೆದರೆ ಆರು ಗಂಟೆಗಳೊಳಗೆ ಇಂಥ ದಾಳಿಗಳನ್ನು ನೋಡಿಕೊಳ್ಳುವ ದೆಹಲಿಯ ರಾಷ್ಟ್ರೀಯ ತಂಡಕ್ಕೆ ತಿಳಿಸಬೇಕು ಎಂಬ ನಿಯಮವಿದೆಯಂತೆ. ತೃಷಾ ಬಂದು ಕೂತು ವರದಿ ಬರೆಸಿದಳು. ಒಂದು ಆಸ್ಪತ್ರೆ ಹೇಳಿದರೆ ದೆಹಲಿಯವರು ಉಳಿದವರನ್ನು ಎಚ್ಚರಿಸುತ್ತಾರೆ ಎಂದಳು.

ನನ್ನ ಗುರಿ ಮಾತ್ರ ಸ್ಪಷ್ಟ. ಯಾರೋ ಒಬ್ಬ ಬೇಜವಾಬ್ದಾರಿ ಮನುಷ್ಯ ಏನನ್ನೋ ಒತ್ತಿದ್ದಾನೆ. ಮೊದಲು ಒತ್ತಿದವನನ್ನು ಹಿಡಿದೇ ಹಿಡಿಯುತ್ತೇನೆ.

ಜನವರಿ 17, ಶುಕ್ರವಾರ

ಬೆಳಿಗ್ಗೆಯಿಂದ ನಲವತ್ತಮೂರು ಜನರನ್ನು ವಿಚಾರಣೆ ಮಾಡಿದೆ. ಎಲ್ಲರದ್ದೂ ಒಂದೇ ಉತ್ತರ: "ಎಂತ ಇಲ್ಲ ಸರ್." ಪಕ್ಷಪಾತ ಆಗಬಾರದೆಂದು ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದು, ನನ್ನನ್ನೇ ಪ್ರಶ್ನಿಸಿ, ತೃಪ್ತಿಕರ ಉತ್ತರ ಪಡೆದೆ.

ತೃಷಾಳಿಗೆ ಸಿಟ್ಟು ಬಂತು. "ಸರ್, ನೀವು ಹೀಗೆ ಪೊಲೀಸರ ಹಾಗೆ ಕೇಳಿದ್ರೆ ಗೊತ್ತಿದ್ದವರೂ ಬಾಯಿ ಬಿಡುವುದಿಲ್ಲ" ಎಂದಳು. ಅವಳಿಗೆ ಬೇಕಾದದ್ದು ಕಳ್ಳ ಒಳಗೆ ಬಂದ ಹೊತ್ತು. ಕಮಲೇಶ್ ದಿನಕ್ಕೆರಡು ಸಲ ಎಲ್ಲ ಕಡತಗಳ ನಕಲು ತೆಗೆದು ಬೇರೆಯೇ ಇಡುತ್ತಾನೆ. ಹೊತ್ತು ಗೊತ್ತಾದರೆ ಅದಕ್ಕಿಂತ ಸ್ವಲ್ಪ ಮೊದಲಿನ ನಕಲನ್ನು ಧೈರ್ಯವಾಗಿ ಹಾಕಬಹುದು. ಗೊತ್ತಾಗದಿದ್ದರೆ ಕಳೆದ ಶನಿವಾರಕ್ಕೆ ಹೋಗಬೇಕು. ಆಗ ನಾಲ್ಕು ದಿನಗಳ ದಾಖಲೆ ಹೋದ ಹಾಗೆಯೇ. ಒಂಬೈನೂರು ಜನರ ರಕ್ತ ಪರೀಕ್ಷೆ, ಸ್ಕ್ಯಾನಿಂಗು, ಎಲ್ಲವೂ.

ಆ ಮನುಷ್ಯನಿಗೆ ಮನಸ್ಸಾಕ್ಷಿ ಎಂಬುದು ಇದೆಯೇ?

ಜನವರಿ 18, ಶನಿವಾರ

ಇವತ್ತು ಬರೆಯುವಂಥದ್ದು ಏನೂ ಇಲ್ಲ.

ಸಂಜೆ ಐದಕ್ಕೆ ಮತ್ತೆ ಡೈರಿ ತೆರೆದೆ. ಬರೆಯುವಂಥದ್ದು ಇದೆ.

ದಾಳಿ ಶುರುವಾದದ್ದು ಅಪ್ಪಿಯ ಕಂಪ್ಯೂಟರಿನಿಂದ ಎಂದು ತೃಷಾ ಕಂಡುಹಿಡಿದಳು. ಒಳಗೆ ಬಂದ ಕಡತದ ಹೆಸರೂ ಸಿಕ್ಕಿತು, ಬಂದ ಹೊತ್ತಿನ ಗುರುತನ್ನು ಮಾತ್ರ ಕಳ್ಳ ಅಳಿಸಿದ್ದ. ನಮ್ಮ ನಾಲ್ವರ ಎದುರು ಗಟ್ಟಿಯಾಗಿ ಓದಿದಳು: "ಡಿಸೋಜ ಮದುವೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲು ಮುಟ್ಟಲಿಲ್ಲ, ಕೆಮ್ಮಿದೆ. ಝುಬೈದಾ ನೀರು ಕೊಟ್ಟರು. ತೃಷಾ ಅಪ್ಪಿಯ ಕಡೆ ತಿರುಗಿ, "ಅಕ್ಕಾ, ಹೆದರ್ಬೇಡಿ, ಯಾವಾಗ ಅಂತ ನೆನಪುಂಟಾ?" ಎಂದು ಕೇಳಿದಳು. ಅಪ್ಪಿ ನನ್ನ ಕೈಯಲ್ಲಿದ್ದ ನೀರಿನ ಲೋಟದ ಕಡೆ ನೋಡಿದಳು. ಆಮೇಲೆ, "ಬುಧವಾರ. ಮಧ್ಯಾಹ್ನ ಹನ್ನೆರಡು ಐವತ್ತಕ್ಕೆ. ನಾನೇ ಎಂತದೋ ಒತ್ತಿರ್ಬೇಕು" ಎಂದಳು.

ನಾನು ಬಾಯಿ ತೆರೆದೆ, ನೀರು ಕುಡಿದೆ, ಮುಚ್ಚಿದೆ. ಕಮಲೇಶ್ ಬುಧವಾರ ಹನ್ನೆರಡು ಗಂಟೆಯ ನಕಲನ್ನು ತರಲು ಆಗಲೇ ಓಡಿದ್ದ.

ಮನೆಗೆ ಬಂದು ಈ ಡೈರಿಯ ಹದಿನೈದನೇ ತಾರೀಕಿನ ಪುಟ ತೆರೆದೆ. ಎಲ್ಲವನ್ನೂ ನಾನೇ ಬರೆದಿಟ್ಟಿದ್ದೇನೆ, ಮುತ್ತಿನಂಥ ಅಕ್ಷರದಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದಿದೆ. ಪುಟ ಹರಿಯೋಣವೆಂದರೆ ಅದರ ಹಿಂಬದಿಯಲ್ಲಿ ಹದಿನಾರನೇ ತಾರೀಕಿನ ನನ್ನ ಮೇಲ್ವಿಚಾರಣೆ ಇದೆ.

ಒಂದು ವಿಷಯ ಅರ್ಥವಾಗುತ್ತಿಲ್ಲ. ಅಪ್ಪಿ ಆಗ ಊಟಕ್ಕೆ ಹೋಗಿದ್ದಳು. ಆ ಹನ್ನೆರಡು ಐವತ್ತನ್ನು ಎಲ್ಲಿಂದ ತಂದಳು? ಬಾಯಿಗೆ ಬಂದದ್ದು ಹೇಳಿರಬೇಕು. ಕೆಲವರಿಗೆ ಊಹೆ ಕೂಡಿಬರುತ್ತದೆ.

ಜನವರಿ 19, ಭಾನುವಾರ

ಬೆಳಿಗ್ಗೆ ಪೂಜೆಗೆ ಮೊದಲು ಪಾಪನಿವೇದನೆಗೆ ಹೋದೆ. ಜಾಲರಿಯ ಈಚೆ ಮಂಡಿಯೂರಿ, "ಫಾದರ್, ನನ್ನ ಸ್ನೇಹಿತನೊಬ್ಬ ಒಂದು ತಪ್ಪು ಮಾಡಿದ್ದಾನೆ, ಅದನ್ನು ಇನ್ನೊಬ್ಬಳು ಹೊತ್ತುಕೊಂಡಿದ್ದಾಳೆ" ಎಂದೆ.

"ಸ್ನೇಹಿತನನ್ನೇ ಕಳಿಸಿ ರೇಮಂಡ್. ಅವನ ಪಾಪಕ್ಕೆ ನಿಮಗೆ ಹೇಗೆ ಕ್ಷಮೆ ಕೊಡುವುದು?"

ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಹೇಳಿದೆ. ಡಿಸೋಜ ಮದುವೆ ಎಂದೊಡನೆ ಆ ಕಡೆ ಕುರ್ಚಿ ಕಿರುಗುಟ್ಟಿತು. "ಅದು ನನಗೂ ಬಂದಿತ್ತಲ್ಲ!" ಎಂದರು.

"ನೀವು ತೆರೆದಿರಾ ಫಾದರ್?"

"ಇಲ್ಲಿ ಪ್ರಶ್ನೆ ಕೇಳುವುದು ನಾನು."

ಪ್ರಾಯಶ್ಚಿತ್ತವಾಗಿ ಹತ್ತು ಪ್ರಾರ್ಥನೆ ಸಿಗುತ್ತದೆ ಎಂದುಕೊಂಡಿದ್ದೆ. ಒಂದೂ ಕೊಡಲಿಲ್ಲ. ಯಾರಿಗೆ ಹೇಳಬೇಕೋ ಅವರಿಗೆ ಹೇಳಿ ಎಂದಷ್ಟೇ ಹೇಳಿ ಕಿಟಕಿ ಎಳೆದರು. ಹತ್ತು ಪ್ರಾರ್ಥನೆಯೇ ಸುಲಭವಿತ್ತು.

ಮಧ್ಯಾಹ್ನ ಹೆಲನ್ ಹಂದಿ ಮಾಂಸದ ಸಾರು, ಅದಕ್ಕೆ 'ಸಣ್ಣ' ಎಂಬ ನಮ್ಮ ಅಕ್ಕಿಯ ಇಡ್ಲಿ ಮಾಡಿದ್ದಳು. ಎರಡೇ ತಿಂದೆ. "ಎಂತ ಆಯ್ತು ನಿಮಗೆ?" ಎಂದು ಕೇಳಿದಳು. "ಎಂತ ಇಲ್ಲ" ಎಂದೆ.

ಜನವರಿ 20, ಸೋಮವಾರ

ಕಂಪ್ಯೂಟರುಗಳೆಲ್ಲ ಸರಿಯಾದವು. ಬುಧವಾರ ಹನ್ನೆರಡು ಗಂಟೆಯವರೆಗಿನ ಒಂದು ರಿಪೋರ್ಟೂ ಕಳೆದುಹೋಗಿಲ್ಲ. ಆಮೇಲಿನದ್ದೆಲ್ಲ ಅಪ್ಪಿಯ ಚೀಟಿಗಳಲ್ಲೂ ಪ್ರಯೋಗಾಲಯದ ರಿಜಿಸ್ಟರಿನಲ್ಲೂ ಇದೆ. ಸಭಾಂಗಣದಲ್ಲಿ ಸಿಸ್ಟರ್ ನನಗೆ ಹೂಗುಚ್ಛ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪಿಯೂ ತಟ್ಟಿದಳು. ಹೂಗುಚ್ಛದಲ್ಲಿ ಇರುವೆಗಳಿದ್ದವು, ಕೈಗೆ ಹತ್ತಿದರೂ ಕೊಡವಲಿಲ್ಲ. ಅಷ್ಟಾದರೂ ಶಿಕ್ಷೆ ಇರಲಿ ಎಂದುಕೊಂಡೆ.

ಆಮೇಲೆ ಸಿಸ್ಟರ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. "ಮಂಡಳಿಯವರು ಒಂದು ಹೆಸರು ಕೇಳ್ತಿದ್ದಾರೆ ರೇಮಂಡ್. ಅಪ್ಪಿ ತಾನೇ ಒಪ್ಪಿಕೊಂಡಿದ್ದಾಳಲ್ಲ. ನನಗೂ ಬೇಜಾರುಂಟು, ಆದರೆ ಎಂತ ಮಾಡುವುದು? ಕೆಲಸದಿಂದ ತೆಗೆಯುವ ಪತ್ರ ತಯಾರು ಮಾಡಿ. ನಾಳೆ ಸಭೆಯಲ್ಲಿ ನೀವು ಸೈನ್ ಮಾಡಿದ್ರೆ ಆಯ್ತು."

ಮೂವತ್ತೇಳು ವರ್ಷದಲ್ಲಿ ಸಾವಿರಾರು ಪತ್ರ ಬರೆದಿದ್ದೇನೆ. ಇದನ್ನು ಐದು ಸಲ ಬರೆದೆ, ಐದು ಸಲವೂ 'ತಮ್ಮ ಅಜಾಗರೂಕತೆಯಿಂದ' ಎಂಬಲ್ಲಿಗೆ ಬರುವಾಗ ಪೆನ್ನು ನಿಂತಿತು. ಆರನೇ ಸಲ ಬರೆದು ಮುಗಿಸಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ. ಹನ್ನೊಂದು ತಿಂಗಳು, ಅಷ್ಟೇ. ಹನ್ನೊಂದು ತಿಂಗಳು ಸುಮ್ಮನಿದ್ದರೆ ಹಾರ ಹಾಕಿಸಿಕೊಂಡು ಮನೆಗೆ ಬರಬಹುದು.

ಅಪ್ಪಿಗೆ ಏನು ವಯಸ್ಸಾಗಿರಬಹುದು? ನಲವತ್ತೆಂಟು? ಇಷ್ಟು ವರ್ಷ ಕೇಳಿಯೇ ಇಲ್ಲ.

ಜನವರಿ 21, ಮಂಗಳವಾರ

ಸಭೆ ಮೂರು ಗಂಟೆಗೆ. ಸಿಸ್ಟರ್, ಝುಬೈದಾ, ಕಮಲೇಶ್, ಸುರತ್ಕಲ್ಲಿನಿಂದ ಬಂದ ತೃಷಾ, ಮೂಲೆಯ ಕುರ್ಚಿಯಲ್ಲಿ ಅಪ್ಪಿ. ಪತ್ರ ನನ್ನ ಮುಂದಿತ್ತು. ಸಿಸ್ಟರ್, "ಓದಿ ರೇಮಂಡ್" ಎಂದರು.

ಚೀಲಕ್ಕೆ ಕೈ ಹಾಕಿ ಈ ಡೈರಿಯನ್ನು ತೆಗೆದೆ. ಬೆಳಿಗ್ಗೆ ಅದನ್ನು ಯಾಕೆ ಚೀಲಕ್ಕೆ ಹಾಕಿಕೊಂಡೆನೋ ಗೊತ್ತಿಲ್ಲ. ಹದಿನೈದನೇ ತಾರೀಕಿನ ಪುಟವನ್ನು ಓದತೊಡಗಿದೆ. ನನ್ನ ಬಾಯಲ್ಲೇ ಹೇಳಲು ಹೋದರೆ ನಡುವೆ ಏನಾದರೂ ಸುಳ್ಳು ಸೇರಿಸುತ್ತಿದ್ದೆ. ಪುಟವಾದರೆ ಬರೆದದ್ದು ಬರೆದ ಹಾಗೆಯೇ ಬರುತ್ತದೆ. ಬಹರೈನ್, ಹನ್ನೊಂದು ಡಿಸೋಜ ಮನೆಗಳು, ಕೆಂಪು ಫಲಕ, ಮೂರು ಸಲ ಹೌದು, ಎಲ್ಲವನ್ನೂ ಓದಿದೆ. ಓದುವ ಭರದಲ್ಲಿ ಲಕೋಟೆ ದೊಡ್ಡದು ಒಳಗೆ ಎಂತ ಇಲ್ಲ ಎಂಬಲ್ಲಿಯವರೆಗೂ ಹೋಗಿಬಿಟ್ಟೆ. ಆಮೇಲೆ ನೆನಪಾಯಿತು. ನಮ್ಮ ಸಿಸ್ಟರ್ ಬರ್ನಡೆಟ್ ಹುಟ್ಟಿದ್ದು ಡಿಸೋಜರ ಮನೆಯಲ್ಲಿ.

ಮೊದಲು ನಕ್ಕದ್ದು ಝುಬೈದಾ. "ಅಲ್ಲಾ, ನಲವತ್ತಮೂರು ಜನರನ್ನು ನಿಲ್ಲಿಸಿ ಕೇಳಿದ್ರಲ್ಲ ಸರ್!" ಎಂದು ಮೇಜಿಗೆ ತಲೆಯಿಟ್ಟು ನಕ್ಕರು. "ನಲವತ್ತನಾಲ್ಕು" ಎಂದೆ, "ನನ್ನನ್ನೂ ಸೇರಿಸಿ." ಸಿಸ್ಟರ್ ನಗಲಿಲ್ಲ. ಪತ್ರವನ್ನು ತೆಗೆದುಕೊಂಡು ನಾಲ್ಕು ತುಂಡು ಮಾಡಿ, "ನಿಮ್ಮ ಬಗ್ಗೆ ನಾಳೆ ಮಾತಾಡುವ" ಎಂದು ಎದ್ದು ಹೋದರು.

ಹೊರಗೆ ನಡೆಯುವ ದಾರಿಯಲ್ಲಿ ಅಪ್ಪಿ ನಿಂತಿದ್ದರು. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: "ನನಗೆ ಗೊತ್ತುಂಟು ಸರ್."

"ಎಂತ ಗೊತ್ತುಂಟು?"

"ಅವತ್ತು ನೀರಿನ ಬಾಟ್ಲಿ ಮರೆತು ವಾಪಸ್ ಬಂದಿದ್ದೆ. ನೀವು ನನ್ನ ಕುರ್ಚಿಯಲ್ಲಿ ಕೂತು ಸ್ಕ್ರೀನಿಗೆ ಬೈತಾ ಇದ್ರಿ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಐವತ್ತು."

"ಮತ್ತೆ ಯಾಕೆ ನನ್ನ ಹೆಸರು ಹೇಳಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ. ನೀವು ನೀರು ಕುಡಿದ್ರಿ." ಅಪ್ಪಿ ಸೆರಗಿನ ತುದಿ ತಿರುಗಿಸಿದರು. "ಟೈಮ್ ಹೇಳದಿದ್ರೆ ನಾಲ್ಕು ದಿನದ್ದು ಹೋಗ್ತದೆ ಅಂತ ತೃಷಾ ಹೇಳಿದ್ರಲ್ಲ. ಒಂಬೈನೂರು ಜನ, ಎಲ್ಲ ನಾನೇ ಬರೆದುಕೊಂಡವರು. ಪುನಃ ಸೂಜಿ ಚುಚ್ಚಿಸ್ಕೊಳ್ಳಿ ಅಂತ ಅವರ ಹತ್ರ ಹೇಗೆ ಹೇಳುವುದು? ಟೈಮ್ ಹೇಳಿದ್ರೆ ಹೆಸರೂ ಕೇಳ್ತಾರೆ. ನಿಮ್ಮದು ಹೇಳಿದ್ರೆ ಈ ಪ್ರಾಯದಲ್ಲಿ ತಲೆ ತಗ್ಗಿಸಿ ಹೋಗ್ಬೇಕು ನೀವು. ನನ್ನದಾದ್ರೆ ಎಂತ, ಬಂದರಿನ ದಕ್ಕೆಗೆ ಹೋಗಿ ಮೀನಾದ್ರೂ ಮಾರ್ತೇನೆ."

ನನಗೆ ನಾಚಿಕೆಯಾಯಿತು. ಅರವತ್ತು ಹತ್ತಿರವಾದ ಮನುಷ್ಯ ಆಸ್ಪತ್ರೆಯ ನಡುವೆ ನಿಂತು ಕರವಸ್ತ್ರಕ್ಕಾಗಿ ನಾಲ್ಕೂ ಜೇಬು ತಡಕಾಡಿದೆ. ಅಪ್ಪಿ ನೋಂದಣಿಯ ಖಾಲಿ ಚೀಟಿಗಳ ಕಟ್ಟು ಕೊಟ್ಟರು. ಅದರಲ್ಲೇ ಮೂಗು ಒರೆಸಿಕೊಂಡೆ.

ಜನವರಿ 24, ಶುಕ್ರವಾರ

ತೀರ್ಮಾನ ಬಂತು. ನನಗೆ ಒಂದು ಎಚ್ಚರಿಕೆ ಪತ್ರ. ಆಡಳಿತಾಧಿಕಾರಿ ನಾನೇ ಆದ್ದರಿಂದ ಅದನ್ನು ನಾನೇ ಬರೆದು, ನನಗೇ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಕೊಂಡೆ. ವ್ಯಾಕರಣ ದೋಷ ಒಂದೂ ಇಲ್ಲ.

ಪಡೆಯ ನಾಯಕತ್ವ ಅಪ್ಪಿಯವರಿಗೆ ಹೋಗಿದೆ. ಅವರು ಮೊದಲು ಮಾಡಿದ ಕೆಲಸ ಪಡೆ ಎಂಬ ಹೆಸರನ್ನು ತೆಗೆದದ್ದು. ಈಗ ಬರೀ ತಂಡ. ನನಗೆ ಫೋನಿನ ಕೆಲಸ ಕೊಟ್ಟಿದ್ದಾರೆ. ಸಂಶಯದ್ದೇನಾದರೂ ಕಂಡರೆ ಸಿಬ್ಬಂದಿ ಹತ್ತೊಂಬತ್ತನೇ ನಂಬರಿಗೆ ಕರೆ ಮಾಡಬೇಕು, ನಾನು ಎತ್ತಬೇಕು, ಬರೆದುಕೊಳ್ಳಬೇಕು, ಉಳಿದವರನ್ನು ಕಳಿಸಬೇಕು. ಅದಕ್ಕೆಂದು ಒಂದು ಪುಸ್ತಕಕ್ಕೆ ಗೆರೆ ಹಾಕಿ ಕೊಟ್ಟೆ. ಅಪ್ಪಿಯವರು ನೋಡಿ ಒಂದು ಕಾಲಮನ್ನು ಅಡ್ಡಗೆರೆ ಎಳೆದು ತೆಗೆದರು.

ಇನ್ನೊಂದು ಸಂಗತಿ. ನಮ್ಮ ವರದಿಯನ್ನು ನೋಡಿ ದೆಹಲಿಯವರು ಕರಾವಳಿಗೆಲ್ಲ ಎಚ್ಚರಿಕೆ ಕಳಿಸಿದ್ದರಂತೆ. ಅದೇ ಡಿಸೋಜರು ಉತ್ತರದ ಕಡೆ ಇನ್ನೆರಡು ಆಸ್ಪತ್ರೆಗಳನ್ನೂ ಮದುವೆಗೆ ಕರೆದಿದ್ದರು. ಅಲ್ಲಿ ಯಾರೂ ತೆರೆಯಲಿಲ್ಲ ಎಂದು ತೃಷಾ ಫೋನ್ ಮಾಡಿ ಹೇಳಿದಳು. ಆ ಊರುಗಳನ್ನು ನಾನು ನೋಡಿಯೂ ಇಲ್ಲ. ಆದರೂ ಮನಸ್ಸಿಗೆ ಸಮಾಧಾನವಾಯಿತು.

ಫೆಬ್ರವರಿ 4, ಮಂಗಳವಾರ

ವಾರದಲ್ಲಿ ಹನ್ನೊಂದು ಕರೆ. ಫಾರ್ಮಸಿಯ ರೊಸಾಲಿನ್ ಉಚಿತ ಪ್ರೆಶರ್ ಕುಕ್ಕರಿಗೆಂದು ಪಾಸ್‌ವರ್ಡ್ ಕೊಟ್ಟಿದ್ದಳು. ಎಕ್ಸ್‌ರೇ ವಿಭಾಗದ ತುಷಾರ್‌ಗೆ ಬಂದ ಕೊರಿಯರ್ ಸಂದೇಶ ಸಂಶಯದ್ದು. ಎರಡನ್ನೂ ಕಮಲೇಶ್ ಅರ್ಧ ಗಂಟೆಯೊಳಗೆ ಸರಿಮಾಡಿದ. ನಾನು ಸೀಟಿ ಹಿಡಿದು ನಾಯಕನಾಗಿದ್ದಾಗ ಒಬ್ಬರಾದರೂ ಬಂದು ಏನನ್ನಾದರೂ ಹೇಳಿದ ನೆನಪಿಲ್ಲ.

ಈಗ ಯಾಕೆ ಹೇಳುತ್ತಾರೆ ಎಂದು ರೊಸಾಲಿನ್‌ಳನ್ನೇ ಕೇಳಿದೆ. "ಬೇರೆಯವರ ಹತ್ರ ಹೇಳ್ಲಿಕ್ಕೆ ನಾಚಿಕೆ ಆಗ್ತದೆ ಸರ್. ನಿಮ್ಮ ಹತ್ರ ಎಂತ ನಾಚಿಕೆ?" ಎಂದಳು.

ಇದು ಹೊಗಳಿಕೆಯೋ ಅಲ್ಲವೋ ಎಂದು ಹೆಲನ್‌ಳನ್ನು ಕೇಳಿದೆ. ಅವಳು ಮೀನು ಹುರಿಯುತ್ತಿದ್ದಳು, ಸಟ್ಟುಗದಿಂದಲೇ ಸನ್ನೆ ಮಾಡಿ ಊಟಕ್ಕೆ ಕೂರಲು ಹೇಳಿದಳು. ನಾಲ್ಕು ತುಂಡು ತಿಂದೆ.

ಫೆಬ್ರವರಿ 11, ಮಂಗಳವಾರ

ಇವತ್ತು ಲೂರ್ದ್ ಮಾತೆಯ ಹಬ್ಬ. ಚಾಪೆಲಿನಲ್ಲಿ ಪೂಜೆ ಮುಗಿಸಿ ಬಂದು ಕೂತಿದ್ದೆ. ಹತ್ತೂಕಾಲಿಗೆ ಹತ್ತೊಂಬತ್ತನೇ ನಂಬರು ರಿಂಗಾಯಿತು. ಎತ್ತಿದರೆ ಆ ಕಡೆ ಮಾತಿಲ್ಲ, ಉಸಿರು ಮಾತ್ರ. ಅವಸರ ಮಾಡಲಿಲ್ಲ. ಈಗೀಗ ಗೊತ್ತಾಗಿದೆ, ಮೊದಲ ಮಾತು ಹೊರಡುವವರೆಗೆ ಕಾಯಬೇಕು.

"ರೇಮಂಡ್, ನಾನು." ಸಿಸ್ಟರ್ ಬರ್ನಡೆಟ್.

"ಹೇಳಿ ಸಿಸ್ಟರ್."

"ಬಾಗಿಲು ಹಾಕಿದ್ದೀರಾ?"

"ಹಾಕಿದ್ದೇನೆ" ಎಂದೆ, ಎದ್ದು ಹೋಗಿ ಹಾಕಿದೆ.

"ಹಬ್ಬದ ಗ್ರೀಟಿಂಗ್ ಬಂದಿತ್ತು. ಚಂದ ಹೂ, ಮೇಣದ ಬತ್ತಿ ಎಲ್ಲ ಉಂಟು. ಕೆಳಗೆ ಇಲ್ಲಿ ಒತ್ತಿ ಅಂತ ಇತ್ತು." ಅವರ ಸ್ವರ ಇನ್ನೂ ಸಣ್ಣದಾಯಿತು. "ಒತ್ತಿಬಿಟ್ಟೆ."

"ಮಂಡೆಬಿಸಿ ಬೇಡ ಸಿಸ್ಟರ್. ಕಂಪ್ಯೂಟರಿನ ಹಿಂದೆ ಒಂದು ನೀಲಿ ಕೇಬಲ್ ಉಂಟು, ಅದನ್ನು ಎಳೆಯಿರಿ. ಆಫ್ ಮಾಡ್ಬೇಡಿ. ಅಪ್ಪಿಯವರೂ ಕಮಲೇಶನೂ ಈಗ ಬರ್ತಾರೆ."

ಕೇಬಲ್ ಎಳೆದ ಸದ್ದು ಕೇಳಿತು, ಜೊತೆಗೆ ಏನೋ ಬಿದ್ದು ಒಡೆದದ್ದೂ ಕೇಳಿತು. ಆಮೇಲೆ ಅವರು ಕೇಳಿದರು: "ಆ ಪುಸ್ತಕದಲ್ಲಿ ನನ್ನ ಹೆಸರು ಬರೀಲಿಕ್ಕೆ ಉಂಟಾ?"

"ಹೆಸರಿಗೆ ಜಾಗವೇ ಇಲ್ಲ ಸಿಸ್ಟರ್. ಒತ್ತಿದ್ದು ಎಷ್ಟು ಗಂಟೆಗೆ?"

"ಹತ್ತು ಹನ್ನೆರಡಕ್ಕೆ."

ಬರೆದುಕೊಂಡೆ. ಗಡಿಯಾರ ನೋಡಿ ಲೆಕ್ಕ ಹಾಕಿದೆ. ಹೇಳಲು ಅವರಿಗೆ ಹಿಡಿದದ್ದು ಮೂರೇ ನಿಮಿಷ. ನನಗೆ ಆರು ದಿನ ಬೇಕಾಗಿತ್ತು.